ಕ್ರಿಯಾಪದದ ಬೆನ್ನಿಗೆ ಬರುವ ಸಣ್ಣ ಪದಗಳು

ಇಂಗ್ಲಿಷ್ ಕಲಿಯುವ ಕನ್ನಡಿಗರನ್ನು ನಿಜವಾಗಿ ಕಾಡುವುದು ಆ ಭಾಷೆಯ ದೊಡ್ಡ ಪದಗಳಲ್ಲ. 'ಇನ್ವೆಸ್ಟಿಗೇಟ್' ಎಂಬ ಪದ ಎದುರಾದರೆ ನಿಘಂಟು ತೆರೆದು 'ತನಿಖೆ ಮಾಡು' ಎಂದು ತಿಳಿದುಕೊಂಡು ಮುಂದೆ ಹೋಗಬಹುದು. ಆಮೇಲೆ ಅದು ಎಲ್ಲಿ ಬಂದರೂ ಅರ್ಥ ಹೆಚ್ಚುಕಡಿಮೆ ಅದೇ. ನರ್ಸರಿಯಲ್ಲೇ ಕಲಿಯುವ 'ಲುಕ್' ಎಂಬ ಪದದ ವಿಷಯ ಹಾಗಲ್ಲ. 'ಲುಕ್ ಅಟ್' ಎಂದರೆ ನೋಡು, 'ಲುಕ್ ಫಾರ್' ಎಂದರೆ ಹುಡುಕು, 'ಲುಕ್ ಆಫ್ಟರ್' ಎಂದರೆ ನೋಡಿಕೊ, 'ಲುಕ್ ಇಂಟು' ಎಂದರೆ ವಿಚಾರಿಸು, 'ಲುಕ್ ಡೌನ್ ಆನ್' ಎಂದರೆ ಕೀಳಾಗಿ ಕಾಣು. ಕ್ರಿಯಾಪದ ಇದ್ದಲ್ಲೇ ಇದೆ, ಅದರ ಬೆನ್ನಿಗೆ ಬಂದ ಒಂದು ಗೇಣಿನಷ್ಟೂ ಇಲ್ಲದ ಪದ ಇಡೀ ವಾಕ್ಯದ ದಿಕ್ಕನ್ನು ಬದಲಿಸಿದೆ. ಹತ್ತು ಹದಿನೈದು ವರ್ಷ ಇಂಗ್ಲಿಷ್ ಓದಿ, ಆ ಭಾಷೆಯಲ್ಲೇ ಕಚೇರಿಯ ಕೆಲಸ ಮಾಡುವವರು ಕೂಡ ಈ ಜಾಗದಲ್ಲಿ ಒಂದು ಕ್ಷಣ ತಡೆಯುತ್ತಾರೆ.

ಈ ತೊಡಕನ್ನು ಇಂಗ್ಲಿಷಿನವರೇ ಬಹಳ ಹಿಂದೆ ಗುರುತಿಸಿದ್ದರು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತಮ್ಮ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದದ ಮುಂದೆ ಒಂದು ಸಣ್ಣ ಪದವನ್ನು ಸೇರಿಸಿ ಅರ್ಥವನ್ನು ಮಾರ್ಪಡಿಸುವ ಈ ಪದ್ಧತಿ ಬಹುಶಃ ಬೇರೆ ಯಾವ ಭಾಷೆಗಿಂತಲೂ ಇಂಗ್ಲಿಷಿನಲ್ಲಿ ಹೆಚ್ಚು ಎಂದೂ, ಪರಭಾಷಿಕರಿಗೆ ಅತ್ಯಂತ ಹೆಚ್ಚು ಕಷ್ಟ ಕೊಡುವುದು ಇದೇ ಎಂದೂ ಬರೆದರು. 'ಕಮ್ ಆಫ್', 'ಫಾಲ್ ಆನ್', 'ಬ್ರೇಕ್ ಆಫ್' ಮೊದಲಾದವನ್ನು ಅವರು ಬಹು ಎಚ್ಚರಿಕೆಯಿಂದ ಸಂಗ್ರಹಿಸಿದರು. ತಪ್ಪಿಹೋದವನ್ನು ಸಂಗ್ರಹದಲ್ಲಿರುವವುಗಳೊಂದಿಗೆ ಹೋಲಿಸಿ ಅರ್ಥಮಾಡಿಕೊಳ್ಳಬಹುದು ಎಂದೂ ಸೇರಿಸಿದರು. ಈ ಕೊನೆಯ ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಒಂದೊಂದನ್ನೂ ಬೇರೆಬೇರೆಯಾಗಿ ಬಾಯಿಪಾಠ ಮಾಡಬೇಕಾದ ಗೊಂದಲ ಇದಲ್ಲ, ಇದಕ್ಕೆ ಒಳಗೊಂದು ನಡೆ ಇದೆ ಎಂಬ ನಂಬಿಕೆ ಅದರಲ್ಲಿದೆ.

ನಮ್ಮ ತರಗತಿಗಳಲ್ಲಿ ಆ ನಡೆಯನ್ನು ಹೇಳಿಕೊಡುವುದು ಕಡಿಮೆ. ವಾಕ್ಯದ ನಡುವೆ ಒಂದು ಖಾಲಿ ಜಾಗ ಬಿಟ್ಟು, 'ಇನ್', 'ಆನ್', 'ಅಟ್' ಇವುಗಳಲ್ಲಿ ಒಂದನ್ನು ತುಂಬಿಸುವ ಅಭ್ಯಾಸವೇ ಹೆಚ್ಚು. ಇದಕ್ಕಿಂತ ಹತ್ತಿರದ ದಾರಿಯೊಂದು ಕನ್ನಡದ ಮಕ್ಕಳಿಗೆ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 'ಮಗುವನ್ನು ನೋಡು' ಎಂಬುದಕ್ಕೂ 'ಮಗುವನ್ನು ನೋಡಿಕೊ' ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಯಾವ ಕನ್ನಡದ ಮಗುವಿಗೂ ಯಾರೂ ವಿವರಿಸಬೇಕಾಗಿಲ್ಲ. 'ಲುಕ್' ಪದಕ್ಕೆ 'ಆಫ್ಟರ್' ಮಾಡುವ ಕೆಲಸವನ್ನು 'ನೋಡು' ಪದಕ್ಕೆ 'ಕೊಳ್ಳು' ಮಾಡುತ್ತದೆ. ಇಂಗ್ಲಿಷ್ ಕ್ರಿಯಾಪದದ ಆಚೆಗೆ ಪದಗಳನ್ನಿಟ್ಟು ಸಾಧಿಸುವುದನ್ನು ಕನ್ನಡ ನಾಮಪದದ ತುದಿಯ ವಿಭಕ್ತಿಯಿಂದ ಮತ್ತು ಕ್ರಿಯಾಪದದ ತುದಿಗೆ ಸೇರುವ ಇನ್ನೊಂದು ಕ್ರಿಯಾಪದದಿಂದ ಸಾಧಿಸುತ್ತದೆ. ಕೆಲಸ ಒಂದೇ, ಕೆಲಸ ನಡೆಯುವ ಜಾಗ ಬೇರೆ.

ಕ್ರಿಯಾಪದಕ್ಕೂ ಅದರ ಮುಂದಿನ ಪದಗುಚ್ಛಕ್ಕೂ ಇರುವ ನಂಟು ಎಲ್ಲ ಕಡೆ ಒಂದೇ ಬಿಗಿಯದ್ದಲ್ಲ. 'ಶಿ ಸ್ಯಾಂಗ್ ಇನ್ ದ ಗಾರ್ಡನ್', ಅಂದರೆ ಅವಳು ತೋಟದಲ್ಲಿ ಹಾಡಿದಳು ಎಂಬ ವಾಕ್ಯದಲ್ಲಿ ನಂಟು ಸಡಿಲ. ಪದಗುಚ್ಛವನ್ನು ವಾಕ್ಯದ ಆರಂಭಕ್ಕೆ ತರಬಹುದು, ಬೇಡವೆಂದರೆ ಬಿಡಲೂಬಹುದು. ಹಾಡುವ ಕ್ರಿಯೆಗೆ ಅದರಿಂದ ಯಾವ ಊನವೂ ಇಲ್ಲ. 'ಇನ್' ಎಂಬುದು ಇಲ್ಲಿ ತನ್ನ ಸ್ವಂತ ಅರ್ಥದಲ್ಲೇ ಇದೆ. ಇಂಥವುಗಳಲ್ಲಿ ಕನ್ನಡಿಗರು ಎಡವುವುದು ಕಡಿಮೆ. 'ಪುಟ್' ಎಂಬ ಕ್ರಿಯಾಪದಕ್ಕೆ ಬಂದಾಗ ನಂಟು ಒಂದು ಸುತ್ತು ಬಿಗಿಯಾಗುತ್ತದೆ. 'ಶಿ ಪುಟ್ ದ ಕೀ' ಎಂದು ನಿಲ್ಲಿಸಿದರೆ ಇಂಗ್ಲಿಷ್ ಕಿವಿಗೆ ಅದು ವಾಕ್ಯವೇ ಅಲ್ಲ; ಎಲ್ಲಿ ಎಂಬುದನ್ನು ಹೇಳಿಯೇ ತೀರಬೇಕು. ಕನ್ನಡದಲ್ಲಿ 'ಬೀಗದ ಕೈ ಇಟ್ಟಳಾ?' ಎಂದು ಕೇಳಿದರೆ, ಎಲ್ಲಿ ಎಂಬುದು ಇಬ್ಬರಿಗೂ ಗೊತ್ತಿರುವ ತನಕ, ಯಾವ ಕೊರತೆಯೂ ಇಲ್ಲ. ಅದೇ ಧೈರ್ಯದಲ್ಲಿ ನಾವು ಇಂಗ್ಲಿಷಿನಲ್ಲೂ ಜಾಗವನ್ನು ಬಿಟ್ಟುಬಿಡುತ್ತೇವೆ.

ಇನ್ನೂ ಬಿಗಿಯಾದ ನಂಟು 'ಡಿಪೆಂಡ್ ಆನ್', 'ಕನ್ಸಿಸ್ಟ್ ಆಫ್', 'ವೇಟ್ ಫಾರ್', 'ಲಿಸನ್ ಟು', 'ಬಿಲೀವ್ ಇನ್' ಇಂಥವುಗಳದು. ಇಲ್ಲಿನ 'ಆನ್' ಯಾವುದರ ಮೇಲೂ ಕುಳಿತಿಲ್ಲ, 'ಇನ್' ಯಾವುದರ ಒಳಗೂ ಇಲ್ಲ. ಕ್ರಿಯಾಪದ ತನಗೆ ಇಂಥದ್ದೇ ಬೇಕೆಂದು ಆರಿಸಿಕೊಂಡಿದೆ, ಅಷ್ಟೆ. 'ಯಾಕೆ ಸಾರ್ ಇಲ್ಲಿ ಆನ್?' ಎಂದು ಕೇಳುವ ಹುಡುಗನಿಗೆ 'ಅದು ಹಾಗೇ' ಎಂದು ಹೇಳುವ ಬದಲು, 'ನಾಯಿಗೆ ಹೆದರುತ್ತೀಯೋ, ನಾಯಿಯಿಂದ ಹೆದರುತ್ತೀಯೋ?' ಎಂದು ಕೇಳಬೇಕು. ಕನ್ನಡದಲ್ಲಿ ಹೆದರಿಕೆ ಚತುರ್ಥಿಯನ್ನು ಕೇಳುತ್ತದೆ: ಹುಲಿಗೆ ಹೆದರು. ಸಂಸ್ಕೃತದಲ್ಲಿ ಭಯದ ಕಾರಣಕ್ಕೆ ಪಂಚಮಿ ಬರಬೇಕು. 'ವ್ಯಾಘ್ರಾತ್ ಬಿಭೇತಿ' ಎನ್ನಬೇಕು, ಅದಕ್ಕೆಂದೇ ಪಾಣಿನಿ ಒಂದು ಸೂತ್ರವನ್ನು ಮೀಸಲಿಟ್ಟಿದ್ದಾನೆ. ಇಂಗ್ಲಿಷ್ 'ಅಫ್ರೇಡ್ ಆಫ್' ಎನ್ನುತ್ತದೆ. ಅದೇ ಹುಲಿ, ಅದೇ ಹೆದರಿಕೆ. ಮೂರು ಭಾಷೆಗಳು ಮೂರು ಬಗೆಯಲ್ಲಿ ಅದನ್ನು ಕಂಡಿವೆ. ಯಾವುದೂ ಇನ್ನೊಂದಕ್ಕಿಂತ ಹೆಚ್ಚು ತರ್ಕಬದ್ಧವಲ್ಲ. ಇದನ್ನು ಒಮ್ಮೆ ಮನಗಂಡ ವಿದ್ಯಾರ್ಥಿ ಇಂಗ್ಲಿಷಿನ ಮೇಲೆ ಸಿಟ್ಟಾಗುವುದನ್ನು ಬಿಟ್ಟು ಅದನ್ನು ಗಮನಿಸಲು ತೊಡಗುತ್ತಾನೆ.

ಕ್ರಿಯಾಪದ ಕೇಳುವುದೊಂದು, ಅದರಿಂದಲೇ ಹುಟ್ಟಿದ ನಾಮಪದ ಕೇಳುವುದು ಇನ್ನೊಂದು ಎಂಬುದು ಇದರ ಮುಂದಿನ ಹಂತ. ಕನ್ನಡದಲ್ಲಿ 'ಅವನನ್ನು ನಂಬು' ಎನ್ನುತ್ತೇವೆ. ಆದರೆ 'ಅವನನ್ನು ನಂಬಿಕೆ' ಎನ್ನುವುದಿಲ್ಲ, 'ಅವನ ಮೇಲೆ ನಂಬಿಕೆ' ಅಥವಾ 'ಅವನಲ್ಲಿ ನಂಬಿಕೆ' ಎನ್ನುತ್ತೇವೆ. ಇಂಗ್ಲಿಷಿನಲ್ಲೂ ಹೀಗೆಯೇ. 'ಡಿಸ್ಕಶನ್' ಎಂಬ ನಾಮಪದಕ್ಕೆ 'ಅಬೌಟ್' ಬೇಕು, 'ಡಿಸ್ಕಸ್' ಎಂಬ ಕ್ರಿಯಾಪದಕ್ಕೆ ಬೇಡ. 'ಎಂಫಸಿಸ್ ಆನ್' ಸರಿ, 'ಎಂಫಸೈಜ಼್ ಆನ್' ತಪ್ಪು. 'ರಿಕ್ವೆಸ್ಟ್ ಫಾರ್ ಲೀವ್' ಎಂಬುದರಲ್ಲಿ ರಿಕ್ವೆಸ್ಟ್ ನಾಮಪದವಾದ್ದರಿಂದ 'ಫಾರ್' ಸಲ್ಲುತ್ತದೆ, ಅದೇ ಪದ ಕ್ರಿಯಾಪದವಾದಾಗ ಸಲ್ಲುವುದಿಲ್ಲ. 'ಆನ್ಸರ್ ಟು ದ ಕ್ವೆಶ್ಚನ್' ಎಂದು ಪ್ರಶ್ನೆಪತ್ರಿಕೆಯಲ್ಲಿ ಓದಿದ ಮಗು 'ಆನ್ಸರ್ ದ ಕ್ವೆಶ್ಚನ್' ಎಂಬಲ್ಲಿಗೂ 'ಟು' ತಂದರೆ ಅದು ಅಜಾಗರೂಕತೆಯಲ್ಲ. ತಾನು ಕಂಡ ಒಂದು ಕ್ರಮವನ್ನು ಅದು ಇನ್ನೊಂದೆಡೆಗೆ ವಿಸ್ತರಿಸಿದೆ. 'ಡಿಸ್ಕಸ್ ಅಬೌಟ್' ಎಂಬ ಬಳಕೆ ಭಾರತದಲ್ಲಿ ಇಷ್ಟು ವ್ಯಾಪಕವಾಗಿರುವುದಕ್ಕೆ, ನಾಮಪದದ ಈ ಎಳೆತದ ಜೊತೆಗೆ, 'ಅದರ ಬಗ್ಗೆ ಚರ್ಚಿಸು' ಎಂಬಂಥ ನಮ್ಮ ಭಾಷೆಗಳ ರೂಢಿಯೂ ಕೈಜೋಡಿಸಿದೆ.

ಕನ್ನಡದ ಪ್ರಭಾವ ಅತ್ಯಂತ ಸ್ಪಷ್ಟವಾಗಿ ಕಾಣುವುದು ಹೇಳುವ, ಕೇಳುವ ಕ್ರಿಯೆಗಳಲ್ಲಿ. ನಾವು ಅವನಿಗೆ ಹೇಳುತ್ತೇವೆ, ಅವನಿಗೆ ತಿಳಿಸುತ್ತೇವೆ, ಅವನಿಗೆ ವಿವರಿಸುತ್ತೇವೆ, ಅವನಿಗೆ ಸೂಚಿಸುತ್ತೇವೆ. ಎಲ್ಲಕ್ಕೂ ಒಂದೇ 'ಗೆ'. ಇಂಗ್ಲಿಷ್ ಇವುಗಳನ್ನು ಒಡೆದು ಹಂಚಿಬಿಟ್ಟಿದೆ. 'ಟೆಲ್' ವ್ಯಕ್ತಿಯನ್ನು ನೇರವಾಗಿ ತೆಗೆದುಕೊಳ್ಳುತ್ತದೆ: 'ಟೆಲ್ ಹಿಮ್'. 'ಸೇ' ತೆಗೆದುಕೊಳ್ಳುವುದಿಲ್ಲ: 'ಸೇ ಟು ಹಿಮ್'. 'ಎಕ್ಸ್‌ಪ್ಲೇನ್', 'ಸಜೆಸ್ಟ್' ಇವಕ್ಕೂ 'ಟು' ಬೇಕು, 'ಇನ್‌ಫಾರ್ಮ್', 'ಆಸ್ಕ್' ಇವಕ್ಕೆ ಬೇಡ. ಹೀಗಾಗಿ ಕನ್ನಡದ ವಿದ್ಯಾರ್ಥಿ ಎರಡು ವಿರುದ್ಧ ದಿಕ್ಕುಗಳಲ್ಲಿ ತಪ್ಪುತ್ತಾನೆ: 'ಟೆಲ್ ಟು ಹಿಮ್' ಎಂದು ಬೇಡದಲ್ಲಿ ಸೇರಿಸುತ್ತಾನೆ, 'ಎಕ್ಸ್‌ಪ್ಲೇನ್ ಮಿ' ಎಂದು ಬೇಕಾದಲ್ಲಿ ಬಿಡುತ್ತಾನೆ. ಮೊದಲನೆಯದನ್ನು ತಿದ್ದಿದ ಕೂಡಲೇ ಎರಡನೆಯದು ಹೆಚ್ಚಾಗುವುದನ್ನು ಮಕ್ಕಳಿಗೆ ಹೇಳಿಕೊಡುವ ಯಾರಾದರೂ ಗಮನಿಸಿರುತ್ತಾರೆ. ಇಲ್ಲಿ ನಿಯಮಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು, 'ಟೆಲ್' ಎಂಬ ಪದವನ್ನು ಒಂಟಿಯಾಗಿ ಕಲಿಸದೆ 'ಟೆಲ್ ಹಿಮ್' ಎಂದೂ, 'ಎಕ್ಸ್‌ಪ್ಲೇನ್' ಎಂಬುದನ್ನು 'ಎಕ್ಸ್‌ಪ್ಲೇನ್ ಇಟ್ ಟು ಹಿಮ್' ಎಂದೂ ಮೊದಲ ದಿನದಿಂದಲೇ ಕಲಿಸುವುದು.

ಕೆಲವು ಕ್ರಿಯಾಪದಗಳು ಪ್ರೆಪೊಸಿಷನ್, ಅಂದರೆ ನಾಮಪದಕ್ಕೆ ಮೊದಲು ಬರುವ 'ಇನ್', 'ಅಟ್', 'ಫಾರ್' ಇಂಥ ಸಣ್ಣ ಪದ, ಇದ್ದರೊಂದು ಅರ್ಥ, ಇಲ್ಲದಿದ್ದರೆ ಇನ್ನೊಂದು ಅರ್ಥ ಕೊಡುತ್ತವೆ, ಮತ್ತು ಈ ವಿಷಯದ ಅತ್ಯಂತ ಸೊಗಸಾದ ಭಾಗ ಇದೇ ಎಂದು ನನಗನ್ನಿಸುತ್ತದೆ. 'ಸರ್ಚ್ ದ ಹೌಸ್' ಎಂದರೆ ಮನೆಯನ್ನು ಶೋಧಿಸು. ಮನೆ ಕಣ್ಣೆದುರಿಗೇ ಇದೆ. 'ಸರ್ಚ್ ಫಾರ್ ದ ಹೌಸ್' ಎಂದರೆ ಮನೆಯೇ ಎಲ್ಲಿದೆ ಎಂದು ಹುಡುಕು. 'ಅಟೆಂಡ್ ದ ಕ್ಲಾಸ್' ಎಂದರೆ ತರಗತಿಗೆ ಹಾಜರಾಗು, 'ಅಟೆಂಡ್ ಟು ದ ಪೇಷಂಟ್' ಎಂದರೆ ರೋಗಿಯನ್ನು ಉಪಚರಿಸು. 'ಎಂಟರ್ ದ ರೂಮ್' ಎಂಬಲ್ಲಿ 'ಇಂಟು' ಬಂದರೆ ತಪ್ಪು, 'ಎಂಟರ್ ಇಂಟು ಆ್ಯನ್ ಅಗ್ರಿಮೆಂಟ್' ಎಂಬಲ್ಲಿ ಬರದಿದ್ದರೆ ತಪ್ಪು. 'ಶಾಟ್ ದ ಟೈಗರ್' ಎಂದರೆ ಗುಂಡು ಹುಲಿಗೆ ತಗುಲಿದೆ. 'ಶಾಟ್ ಅಟ್ ದ ಟೈಗರ್' ಎಂದರೆ ಗುರಿಯಿಟ್ಟು ಹೊಡೆದದ್ದಷ್ಟೇ ಖಚಿತ, ತಗುಲಿತೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ಈ 'ಅಟ್' ಗುರಿಯನ್ನು ಸೂಚಿಸುತ್ತದೆ, ಮತ್ತು ಎಷ್ಟೋ ಸಲ ಆ ಗುರಿಯಲ್ಲಿ ಹಗೆತನವಿರುತ್ತದೆ. 'ಥ್ರೋ ದ ಬಾಲ್ ಟು ಹಿಮ್' ಎಂದರೆ ಅವನು ಹಿಡಿಯಲಿ ಎಂದು, 'ಅಟ್ ಹಿಮ್' ಎಂದರೆ ಅವನಿಗೆ ಬಡಿಯಲಿ ಎಂದು. 'ಶೌಟ್ ಟು' ಎಂಬುದು ದೂರದಲ್ಲಿರುವವನನ್ನು ಕೂಗಿ ಕರೆಯುವುದು, 'ಶೌಟ್ ಅಟ್' ಎಂಬುದು ಎದುರಿಗಿರುವವನ ಮೇಲೆ ರೇಗುವುದು.

ಈ ಸೂಕ್ಷ್ಮ ನಮ್ಮಲ್ಲಿ ಇಲ್ಲವೇ? ಬಸ್ಸಿಗೆ ಕಾಯುವುದು ಬೇರೆ, ಹೊಲ ಕಾಯುವುದು ಬೇರೆ. ಒಂದೇ 'ಕಾಯು' ಚತುರ್ಥಿಯೊಡನೆ ನಿರೀಕ್ಷೆಯಾಗುತ್ತದೆ, ದ್ವಿತೀಯೆಯೊಡನೆ ಕಾವಲಾಗುತ್ತದೆ. 'ಹುಲಿಗೆ ಹೊಡೆದ' ಎಂದರೆ ಏಟು ಕೊಟ್ಟ. 'ಹುಲಿಯನ್ನು ಹೊಡೆದ' ಎಂದಾಗ ಬೇಟೆ ಮುಗಿದ ಧ್ವನಿ ನನ್ನ ಕಿವಿಗೆ ಕೇಳುತ್ತದೆ. ಕೇಶಿರಾಜನಿಂದ ಮೊದಲ್ಗೊಂಡು ನಮ್ಮ ವೈಯಾಕರಣರು 'ವಿಭಕ್ತಿ ಪಲ್ಲಟ' ಎಂದು ಕರೆದು ಚರ್ಚಿಸಿದ, ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವ ಸಂದರ್ಭಗಳಲ್ಲಿ ಇಂಥ ಅರ್ಥದ ಛಾಯೆಗಳಿಗೂ ಎಡೆಯಿದೆ. ಹೈಸ್ಕೂಲಿನಲ್ಲಿ ಕನ್ನಡದ ಮೇಷ್ಟ್ರು ವಿಭಕ್ತಿ ಕಲಿಸುವ ವರ್ಷವೇ ಪಕ್ಕದ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಮೇಡಂ ಪ್ರೆಪೊಸಿಷನ್ ಕಲಿಸುತ್ತಿರುತ್ತಾರೆ, ಇಬ್ಬರೂ ಒಂದೇ ವಿಷಯ ಕಲಿಸುತ್ತಿದ್ದಾರೆಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಎಲ್ಲಕ್ಕಿಂತ ಬಿಗಿಯಾದ ನಂಟಿನಲ್ಲಿ ಸಣ್ಣ ಪದ ಮುಂದಿನ ನಾಮಪದವನ್ನು ಬಿಟ್ಟು ಕ್ರಿಯಾಪದದೊಳಗೇ ಸೇರಿಹೋಗುತ್ತದೆ. ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ಹಳೆಯ ಜೋಡಿ ಉದಾಹರಣೆಯೊಂದಿದೆ. 'ಹಿ ರ‍್ಯಾನ್ ಅಪ್ ಅ ಹಿಲ್' ಎಂದರೆ ಅವನು ಗುಡ್ಡವನ್ನು ಓಡುತ್ತಾ ಹತ್ತಿದ. 'ಹಿ ರ‍್ಯಾನ್ ಅಪ್ ಅ ಬಿಲ್' ಎಂದರೆ ಅವನು ಸಾಲದ ಬಾಕಿ ಬೆಳೆಸಿದ. ನೋಡಲು ಎರಡೂ ಒಂದೇ, ಒಳಗಿನ ಕಟ್ಟು ಬೇರೆ. ಮೊದಲನೆಯದರಲ್ಲಿ 'ಅಪ್' ಗುಡ್ಡಕ್ಕೆ ಸೇರಿದೆ, ಎರಡನೆಯದರಲ್ಲಿ ಓಟಕ್ಕೆ ಸೇರಿದೆ. ಪರೀಕ್ಷಿಸುವ ದಾರಿ ಸರಳ: ನಾಮಪದದ ಬದಲು 'ಇಟ್' ಎಂಬ ಸರ್ವನಾಮವನ್ನು ಇಟ್ಟು ನೋಡಬೇಕು. ಗುಡ್ಡವಾದರೆ 'ರ‍್ಯಾನ್ ಅಪ್ ಇಟ್', ಬಾಕಿಯಾದರೆ 'ರ‍್ಯಾನ್ ಇಟ್ ಅಪ್'. ನಿಘಂಟಿನಲ್ಲಿ ಪದವನ್ನು ಹುಡುಕುವುದಾದರೆ 'ಲುಕ್ ಇಟ್ ಅಪ್', ಮಗುವನ್ನು ನೋಡಿಕೊಳ್ಳುವುದಾದರೆ 'ಲುಕ್ ಆಫ್ಟರ್ ಇಟ್'. ಸರ್ವನಾಮ ನಡುವೆ ನುಗ್ಗಿದರೆ ಆ ಸಣ್ಣ ಪದ ಕ್ರಿಯಾಪದದ ಪಾಲು, ಕೊನೆಗೆ ನಿಂತರೆ ಅದು ಇನ್ನೂ ಪ್ರೆಪೊಸಿಷನ್. ಮೊದಲ ಬಗೆಯನ್ನು 'ಫ್ರೇಸಲ್ ವರ್ಬ್' ಎನ್ನುತ್ತಾರೆ. ಆ ಹೆಸರು 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಅವರ ಬರಹದ ಮೂಲಕ ಬಳಕೆಗೆ ಬಂತು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾಗಿದ್ದ ಹೆನ್ರಿ ಬ್ರಾಡ್ಲಿ ಅದನ್ನು ಸೂಚಿಸಿದರೆಂದು ಸ್ಮಿತ್ ಅವರೇ ಹೇಳಿದ್ದಾರೆ.

ಕ್ರಿಯಾಪದದ ಅರ್ಥವನ್ನೇ ಎಳೆದೊಯ್ಯುವ ಸಣ್ಣ ಪದ ಎಂದಾಕ್ಷಣ ನಮ್ಮಲ್ಲಿ ಬಹಳ ಮಂದಿಗೆ ಒಂದು ಶ್ಲೋಕ ನೆನಪಾಗಬೇಕು: 'ಉಪಸರ್ಗೇಣ ಧಾತ್ವರ್ಥೋ ಬಲಾದನ್ಯತ್ರ ನೀಯತೇ, ಪ್ರಹಾರಾಹಾರಸಂಹಾರವಿಹಾರಪರಿಹಾರವತ್.' ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಒಯ್ಯುತ್ತದೆ, ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬಲ್ಲಿ ಆಗುವಂತೆ. 'ಲುಕ್' ಪದದ ಸಂಸಾರವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಮಾತು ನನಗೆ ಎಲ್ಲೂ ಸಿಕ್ಕಿಲ್ಲ. ವ್ಯತ್ಯಾಸವಿಷ್ಟೇ, ಸಂಸ್ಕೃತದಲ್ಲಿ ಉಪಸರ್ಗ ಧಾತುವಿನ ಹಿಂದೆ ಅಂಟಿಕೊಂಡಿರುತ್ತದೆ, ಇಂಗ್ಲಿಷಿನಲ್ಲಿ ಅದು ಮುಂದೆ ಬಿಡಿಯಾಗಿ ನಿಲ್ಲುತ್ತದೆ. ಆದರೆ ಈ ವ್ಯತ್ಯಾಸವೂ ಮೊದಲಿನಿಂದ ಇದ್ದದ್ದಲ್ಲ. ಉಪಸರ್ಗಗಳು ಧಾತುವಿಗಿಂತ ಮೊದಲು ಬರುತ್ತವೆ ಎಂದು ಹೇಳಿದ ಪಾಣಿನಿ ಅದರ ಬೆನ್ನಿಗೇ, ವೇದದಲ್ಲಿ ಅವು ಧಾತುವಿನ ಆಚೆಗೂ ಬರುತ್ತವೆ, 'ವ್ಯವಹಿತಾಶ್ಚ', ಅಂದರೆ ನಡುವೆ ಬೇರೆ ಪದಗಳು ಬಂದು ದೂರವಾಗಿಯೂ ಇರುತ್ತವೆ ಎಂದು ಸೂತ್ರಿಸಿದ್ದಾನೆ. 'ಲುಕ್ ಇಟ್ ಅಪ್' ಎಂಬಲ್ಲಿ 'ಇಟ್' ನಡುವೆ ಬಂದು 'ಅಪ್' ವ್ಯವಹಿತವಾಗಿದೆ. ಒಂದೇ ಭಾಷಾಕುಟುಂಬದ ಎರಡು ಕವಲುಗಳಲ್ಲಿ ಒಂದು ಆ ಹಳೆಯ ಸ್ವಾತಂತ್ರ್ಯವನ್ನು ಕಟ್ಟಿಹಾಕಿತು, ಇನ್ನೊಂದು ಬೇರೊಂದು ರೂಪದಲ್ಲಿ ಬೆಳೆಸಿತು.

ಹಳೆಯ ಇಂಗ್ಲಿಷಿನಲ್ಲೂ ಇಂಥ ಪದಗಳು ಎಷ್ಟೋ ಸಲ ಕ್ರಿಯಾಪದದ ಹಿಂದೆ ಅಂಟಿಕೊಂಡೇ ಬರುತ್ತಿದ್ದವು. 'ಅಂಡರ್‌ಸ್ಟ್ಯಾಂಡ್', 'ವಿತ್‌ಸ್ಟ್ಯಾಂಡ್', 'ಫರ್ಗಿವ್', 'ಓವರ್‌ಕಮ್' ಎಂಬವು ಆ ಕಾಲದ ಉಳಿಕೆಗಳು; 'ವಿತ್‌ಸ್ಟ್ಯಾಂಡ್' ಪದದಲ್ಲಿರುವ 'ವಿತ್' ತನ್ನ ಪುರಾತನ ಅರ್ಥವಾದ 'ಎದುರಾಗಿ' ಎಂಬುದನ್ನು ಇಂದಿಗೂ ಹಿಡಿದುಕೊಂಡಿದೆ. ಮುಂದಿನ ಶತಮಾನಗಳಲ್ಲಿ ಅಂಟಿಸುವ ಪದ್ಧತಿ ಹಿಂದೆ ಸರಿದು, ಆಚೆಗೆ ಇಡುವ ಪದ್ಧತಿ ಬಲಗೊಂಡಿತು; ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯಾದವರ ಮಾತಿನ ಪ್ರಭಾವವೂ ಇದಕ್ಕೊಂದು ಕಾರಣವೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಇದೇ ಹೊತ್ತಿಗೆ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಕ್ರಿಯಾಪದಗಳು ಸಾವಿರಗಟ್ಟಲೆ ಬಂದು ಸೇರಿದವು. ಅವುಗಳ ಒಳಗೂ ಸಣ್ಣ ಪದಗಳು ಅಡಗಿ ಕುಳಿತಿವೆ. ಲ್ಯಾಟಿನ್ನಿನಲ್ಲಿ 'ಇನ್' ಎಂಬುದಕ್ಕೆ ನೋಡುವ ಅರ್ಥದ ಧಾತು ಸೇರಿ 'ಇನ್‌ಸ್ಪೆಕ್ಟ್' ಆಗಿದೆ, ಅಕ್ಷರಶಃ ಅದು 'ಲುಕ್ ಇಂಟು'. ಕೆಳಗೆ ಎಂಬ ಅರ್ಥದ 'ಡೆ' ಸೇರಿ 'ಡಿಸ್ಪೈಸ್' ಆಗಿದೆ, ಅದು 'ಲುಕ್ ಡೌನ್ ಆನ್'. ಹೀಗೆ ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಎರಡು ಮಾತು ಉಳಿದವು: ಮನೆಯಲ್ಲಿ, ಬೀದಿಯಲ್ಲಿ 'ಪುಟ್ ಆಫ್', ಕಾಗದಪತ್ರದಲ್ಲಿ 'ಪೋಸ್ಟ್‌ಪೋನ್'. ನಾವು ಇಂಗ್ಲಿಷನ್ನು ಕಾಗದಪತ್ರದಿಂದ ಕಲಿತವರಾದ್ದರಿಂದ ಎರಡನೆಯ ಗುಂಪಿನಲ್ಲೇ ನಮಗೆ ಹೆಚ್ಚು ಧೈರ್ಯ. 'ಟಾಲರೇಟ್' ಎಂದು ಸಲೀಸಾಗಿ ಬರೆಯುವ ಪದವೀಧರ 'ಪುಟ್ ಅಪ್ ವಿತ್' ಎಂದು ಹೇಳಲು ಹಿಂಜರಿಯುತ್ತಾನೆ.

'ಅಪ್' ಎಂಬ ಪದವೊಂದನ್ನೇ ಹಿಡಿದು ಸ್ವಲ್ಪ ಹೊತ್ತು ನಿಲ್ಲಬೇಕು. 'ಈಟ್ ಅಪ್', 'ಡ್ರಿಂಕ್ ಅಪ್', 'ಯೂಸ್ ಅಪ್', 'ಟೇರ್ ಅಪ್', 'ಡ್ರೈ ಅಪ್' ಇವುಗಳಲ್ಲಿ ಯಾವುದೂ ಮೇಲಕ್ಕೆ ಹೋಗುವುದಿಲ್ಲ. ಕೆಲಸ ಪೂರ್ತಿಯಾಯಿತು, ಏನೂ ಉಳಿಯಲಿಲ್ಲ ಎಂಬುದೇ ಇಲ್ಲಿನ 'ಅಪ್' ಹೇಳುವ ಮಾತು. ಇದನ್ನು ಕನ್ನಡದಲ್ಲಿ ಹೇಳಲು ನಮಗೆ ಬೇರೆ ಏನೂ ಬೇಕಿಲ್ಲ: ತಿಂದುಬಿಡು, ಕುಡಿದುಬಿಡು, ಹರಿದುಹಾಕು, ಒಣಗಿಹೋಯಿತು. 'ಬಿಡು' ಇಲ್ಲಿ ಯಾವುದನ್ನೂ ಬಿಡುವುದಿಲ್ಲ, 'ಹೋಗು' ಎಲ್ಲಿಗೂ ಹೋಗುವುದಿಲ್ಲ. ತಮ್ಮ ಮೂಲ ಅರ್ಥವನ್ನು ಕಳಚಿಟ್ಟು ಅವು ಕ್ರಿಯೆಯ ಮುಕ್ತಾಯವನ್ನು ಸೂಚಿಸುವ ಕೆಲಸಕ್ಕೆ ನಿಂತಿವೆ. 'ಟೇರ್' ಮತ್ತು 'ಟೇರ್ ಅಪ್' ನಡುವಿನ ಭೇದ ಕೇಳಿದ ಮಗುವಿಗೆ 'ಹರಿದ' ಮತ್ತು 'ಹರಿದುಹಾಕಿದ' ಎಂದು ಹೇಳಿದರೆ ಸಾಕು, ಇನ್ನೊಂದು ಮಾತು ಬೇಡ. ಕನ್ನಡದ ವ್ಯಾಕರಣವನ್ನು ಕನ್ನಡದ ಒಳಗಿನಿಂದಲೇ ನೋಡಬೇಕೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ಟರು ದೀರ್ಘಕಾಲ ವಾದಿಸಿದರು. ಹಾಗೆ ನೋಡುವುದರಿಂದ ಆಗುವ ಲಾಭ ಕನ್ನಡಕ್ಕಷ್ಟೇ ಸೀಮಿತವಲ್ಲ, ಅದು ಇಂಗ್ಲಿಷ್ ಕಲಿಕೆಗೂ ದಕ್ಕುತ್ತದೆ ಎಂದು ನಾನು ಸೇರಿಸುತ್ತೇನೆ.

ಎರಡೂ ಭಾಷೆಗಳ ದಾರಿ ನಿಜವಾಗಿ ಬೇರಾಗುವ ಜಾಗಗಳೂ ಇವೆ, ಅವನ್ನು ಮುಚ್ಚಿಡಬಾರದು. 'ನಾನು ಕಾಯುತ್ತಿದ್ದ ಬಸ್ಸು', 'ನಾನು ಮಲಗಿದ ಮಂಚ', 'ನಾವು ಊಟ ಮಾಡಿದ ತಟ್ಟೆ' ಎಂಬ ಮಾತುಗಳನ್ನು ಗಮನಿಸಿ. ಬಸ್ಸಿಗೆ, ಮಂಚದ ಮೇಲೆ, ತಟ್ಟೆಯಲ್ಲಿ ಎಂಬ ವಿಭಕ್ತಿಗಳೆಲ್ಲ ಇಲ್ಲಿ ಗುರುತೇ ಇಲ್ಲದಂತೆ ಮಾಯವಾಗಿವೆ. ಕೇಳುವವನು ಅವನ್ನು ತಾನೇ ತುಂಬಿಕೊಳ್ಳುತ್ತಾನೆ. ಇಂಗ್ಲಿಷ್ ಇದಕ್ಕೆ ಒಪ್ಪುವುದಿಲ್ಲ. 'ದ ಬಸ್ ಐ ವಾಸ್ ವೇಟಿಂಗ್ ಫಾರ್', 'ದ ಬೆಡ್ ಐ ಸ್ಲೆಪ್ಟ್ ಇನ್' ಎಂದು ಬಾಲದ ಹಾಗೆ ಆ ಪದ ಕೊನೆಯಲ್ಲಿ ಉಳಿಯಲೇಬೇಕು. ಕರ್ಮಣಿಯಲ್ಲೂ ಹಾಗೆಯೇ: 'ಹಿ ವಾಸ್ ಲುಕ್ಡ್ ಆಫ್ಟರ್ ವೆಲ್' ಎಂಬಲ್ಲಿ 'ಆಫ್ಟರ್' ಬಿಟ್ಟರೆ ಅರ್ಥವೇ ಇಲ್ಲ. ನಮ್ಮ ವಿದ್ಯಾರ್ಥಿಗಳು ಈ ಬಾಲವನ್ನು ಮರೆಯುವುದು ಕನ್ನಡದ ಕೃದಂತ ವಾಕ್ಯದ ಅಭ್ಯಾಸದಿಂದ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಇದರ ಜೊತೆಗೆ, ವಾಕ್ಯವನ್ನು ಪ್ರೆಪೊಸಿಷನ್ನಿನಿಂದ ಮುಗಿಸಬಾರದು ಎಂಬ ಒಂದು ಶಾಲಾ ನಿಯಮ ಬೇರೆ ಇದೆ. 1672ರಲ್ಲಿ ಕವಿ ಜಾನ್ ಡ್ರೈಡನ್ ತಮಗಿಂತ ಹಿಂದಿನ ಬೆನ್ ಜಾನ್ಸನ್ನರ ವಾಕ್ಯವೊಂದರಲ್ಲಿ ಇದನ್ನು ದೋಷವೆಂದು ಎತ್ತಿ ಆಡಿದರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಅದು ಆಡುಮಾತಿನಲ್ಲಿ ಪ್ರಚಲಿತವಾದ ರೂಢಿ ಎಂದು ಒಪ್ಪಿಕೊಂಡೂ, ಗಂಭೀರ ಬರವಣಿಗೆಗೆ ಇನ್ನೊಂದು ಬಗೆಯೇ ಮೇಲು ಎಂದರು. ನಂತರದವರು ಆ ಸಲಹೆಯನ್ನು ಕಟ್ಟಳೆಯಾಗಿಸಿದರು. 'ವಾಟ್ ಆರ್ ಯು ವೇಟಿಂಗ್ ಫಾರ್?' ಎಂಬುದು ಶುದ್ಧ ಇಂಗ್ಲಿಷ್. ಅದನ್ನು ತಿರುಗಿಸಿ 'ಫಾರ್ ವಾಟ್' ಎಂದು ಆರಂಭಿಸಿದರೆ ಕೇಳಿದವರು ಬೇರೇನೋ ಕೇಳುತ್ತಿದ್ದೀರೆಂದು ತಿಳಿದಾರು.

ಇನ್ನೊಂದು ಜಾಗದಲ್ಲಿ ಕನ್ನಡವೇ ಹೆಚ್ಚು ಸ್ಪಷ್ಟ. 'ಐ ಸಾ ದ ಮ್ಯಾನ್ ವಿತ್ ದ ಟೆಲಿಸ್ಕೋಪ್' ಎಂಬ ವಾಕ್ಯದಲ್ಲಿ ದುರ್ಬೀನು ಯಾರ ಕೈಯಲ್ಲಿದೆ? ನೋಡಿದವನ ಕೈಯಲ್ಲಿ ಎಂದರೆ ಪದಗುಚ್ಛ ಕ್ರಿಯಾಪದಕ್ಕೆ ಸೇರಿದೆ, ನೋಡಲ್ಪಟ್ಟವನ ಕೈಯಲ್ಲಿ ಎಂದರೆ ನಾಮಪದಕ್ಕೆ. ಇಂಗ್ಲಿಷ್ ವಾಕ್ಯಕ್ಕೆ ಎರಡನ್ನು ಬೇರ್ಪಡಿಸುವ ಗುರುತಿಲ್ಲ. ಕನ್ನಡದಲ್ಲಿ 'ದುರ್ಬೀನಿನಿಂದ ನೋಡಿದೆ' ಎನ್ನಬೇಕು, ಇಲ್ಲವೇ 'ದುರ್ಬೀನು ಹಿಡಿದಿದ್ದ ಮನುಷ್ಯನನ್ನು ನೋಡಿದೆ' ಎನ್ನಬೇಕು. ಗೊಂದಲಕ್ಕೆ ಅವಕಾಶವೇ ಇಲ್ಲ. 'ಮೇಜಿನ ಮೇಲೆ' ಎಂದರೆ ಅದು ಕ್ರಿಯಾಪದದ ಕಡೆಗೆ ನೋಡುತ್ತದೆ, 'ಮೇಜಿನ ಮೇಲಿನ' ಎಂದರೆ ನಾಮಪದದ ಕಡೆಗೆ. ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1965ರಲ್ಲಿ ಚರ್ಚಿಸಿದ 'ಹಿ ಡಿಸೈಡೆಡ್ ಆನ್ ದ ಬೋಟ್' ಎಂಬ ವಾಕ್ಯ ಇನ್ನೂ ಸೂಕ್ಷ್ಮವಾದದ್ದು. ದೋಣಿಯಲ್ಲಿ ಕುಳಿತು ನಿರ್ಧರಿಸಿದ ಎಂದಾದರೆ ನಂಟು ಸಡಿಲ, ದೋಣಿಯನ್ನೇ ಆರಿಸಿಕೊಂಡ ಎಂದಾದರೆ ನಂಟು ಬಿಗಿ. ಇಂಗ್ಲಿಷಿನಿಂದ ಕನ್ನಡಕ್ಕೆ ಸುದ್ದಿ ಅನುವಾದಿಸುವವರು ಪ್ರತಿದಿನ ಇಂಥ ಕವಲುಗಳ ಮುಂದೆ ನಿಲ್ಲುತ್ತಾರೆ, ಏಕೆಂದರೆ ಕನ್ನಡ ಅವರನ್ನು ಆರಿಸಲೇಬೇಕೆಂದು ಒತ್ತಾಯಿಸುತ್ತದೆ.

ಚಲನೆಯನ್ನು ಹೇಳುವ ರೀತಿಯಲ್ಲೂ ಅನುವಾದಕರಿಗೆ ಕೆಲಸವಿದೆ. ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ 1980ರ ದಶಕದಲ್ಲಿ ಭಾಷೆಗಳನ್ನು ಈ ದೃಷ್ಟಿಯಿಂದ ಎರಡು ಬಗೆಯಾಗಿ ನೋಡಿದರು: ಚಲನೆಯ ದಾರಿಯನ್ನು ಮುಖ್ಯ ಕ್ರಿಯಾಪದದಲ್ಲಿ ಹೇಳುವ ಭಾಷೆಗಳು, ಅದನ್ನು ಕ್ರಿಯಾಪದದ ಸುತ್ತಲಿನ ಸಣ್ಣ ಪದಗಳಿಗೆ ವಹಿಸುವ ಭಾಷೆಗಳು. ಇಂಗ್ಲಿಷ್ ಎರಡನೆಯ ಬಗೆ. 'ದ ಬಾಟಲ್ ಫ್ಲೋಟೆಡ್ ಇಂಟು ದ ಕೇವ್' ಎಂಬಲ್ಲಿ ಕ್ರಿಯಾಪದ ತೇಲುವುದನ್ನಷ್ಟೇ ಹೇಳುತ್ತದೆ, ಒಳಗೆ ಹೋದದ್ದನ್ನು 'ಇಂಟು' ಹೇಳುತ್ತದೆ. ಕನ್ನಡದಲ್ಲಿ ಸೀಸೆ ತೇಲುತ್ತಾ ಗುಹೆಯೊಳಗೆ ಹೋಗಬೇಕು. ಹೋಗು ಎಂಬ ಮುಖ್ಯ ಕ್ರಿಯಾಪದವಿಲ್ಲದೆ ಅದು ಒಳಗೆ ಸೇರದು. ಇಂಗ್ಲಿಷ್ ಈ ಸೌಕರ್ಯವನ್ನು ಎಲ್ಲಿಯವರೆಗೆ ಒಯ್ಯುತ್ತದೆಂದರೆ 'ಶಿ ಟಾಕ್ಡ್ ಹಿಮ್ ಇಂಟು ಇಟ್' ಎನ್ನುತ್ತದೆ. ಅವಳು ಮಾತಾಡಿ ಮಾತಾಡಿ ಅವನನ್ನು ಒಪ್ಪಿಸಿದಳು ಎಂಬ ಅರ್ಥದಲ್ಲಿ, ಒಪ್ಪಿಸುವ ಕ್ರಿಯೆ ಎಲ್ಲೂ ಕಾಣದೆ 'ಇಂಟು' ಒಳಗೆ ಅಡಗಿದೆ.

ಕಿವಿಯ ವಿಷಯವನ್ನೂ ಹೇಳಬೇಕು, ಏಕೆಂದರೆ ಬರವಣಿಗೆಯ ತಪ್ಪುಗಳಲ್ಲಿ ಹಲವು ಕಿವಿಯಿಂದ ಆರಂಭವಾಗುತ್ತವೆ. ಆಡುವ ಇಂಗ್ಲಿಷಿನಲ್ಲಿ ನಿಜವಾದ ಪ್ರೆಪೊಸಿಷನ್ ಸಾಮಾನ್ಯವಾಗಿ ನುಂಗಿಹೋಗುತ್ತದೆ. 'ಲುಕ್ ಅಟ್ ಇಟ್' ಎಂಬುದು 'ಲುಕಟಿಟ್' ಎಂದಷ್ಟೇ ಕೇಳಿಸುತ್ತದೆ, 'ವೇಟ್ ಫಾರ್ ಮಿ' ಎಂಬಲ್ಲಿ 'ಫಾರ್' ಒಂದು 'ಫ' ಮಾತ್ರ. ಕ್ರಿಯಾಪದದೊಳಗೆ ಸೇರಿಹೋದ ಪದವಾದರೆ ಹಾಗಲ್ಲ; 'ಟರ್ನ್ ಇಟ್ ಆನ್', 'ಗಿವ್ ಇಟ್ ಅಪ್' ಎಂಬಲ್ಲಿ ಒತ್ತು ಬೀಳುವುದೇ ಕೊನೆಯ ಪದದ ಮೇಲೆ. ಬಿಗಿಯ ಭೇದ ಧ್ವನಿಯಲ್ಲೇ ಇದೆ. ಪ್ರತಿ ಅಕ್ಷರವನ್ನೂ ಬಿಡಿಸಿ ನುಡಿಯುವ ಕನ್ನಡದ ಅಭ್ಯಾಸವುಳ್ಳ ನಾವು ಎಲ್ಲವನ್ನೂ ಒಂದೇ ಒತ್ತಿನಲ್ಲಿ ಓದುತ್ತೇವೆ, ಹಾಗೆ ಕೇಳಿಸದಿದ್ದಾಗ ಆ ಪದ ಇರಲೇ ಇಲ್ಲವೆಂದುಕೊಳ್ಳುತ್ತೇವೆ.

ನಮ್ಮ ಪತ್ರಗಳ ಕೊನೆಯಲ್ಲಿ ದಿನವೂ ಬೀಳುವ 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಎಂಬ ಸಾಲಿನ ಕಥೆಯೂ ಇಲ್ಲೇ ಇದೆ. ಇಲ್ಲಿನ 'ಟು' ಪ್ರೆಪೊಸಿಷನ್. ಅದರ ಮುಂದೆ ನಾಮಪದವೋ ನಾಮಪದದಂತೆ ವರ್ತಿಸುವ 'ಮೀಟಿಂಗ್' ಎಂಬ ರೂಪವೋ ಬರಬೇಕು. 'ಟು ಗೋ', 'ಟು ಈಟ್' ಎಂಬಲ್ಲಿರುವ 'ಟು' ಬೇರೆಯೇ ಕೆಲಸದ್ದು. ಕನ್ನಡದಲ್ಲಿ 'ಭೇಟಿಯಾಗಲು' ಮತ್ತು 'ಭೇಟಿಯಾಗುವುದಕ್ಕೆ' ಎಂಬೆರಡು ರೂಪಗಳಿದ್ದು, ಎರಡನೆಯದರಲ್ಲಿ ಕ್ರಿಯೆ ನಾಮಪದವಾಗಿ ಚತುರ್ಥಿಯನ್ನು ಪಡೆದಿದೆ. 'ಭೇಟಿಯಾಗುವುದಕ್ಕೆ ಎದುರು ನೋಡುತ್ತೇನೆ' ಎಂದು ಯೋಚಿಸಿದರೆ 'ಟು ಮೀಟಿಂಗ್' ತಾನಾಗಿ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಭಾರತದ ಇಂಗ್ಲಿಷ್ ತಾನೇ ರೂಪಿಸಿಕೊಂಡ ಜೋಡಣೆಗಳ ಬಗ್ಗೆ ನನ್ನ ನಿಲುವನ್ನೂ ಹೇಳಬೇಕು. ಕಾಲೇಜು ಮುಗಿಸಿದವರು 'ಪಾಸ್ಡ್ ಔಟ್' ಎನ್ನುತ್ತಾರೆ, ಬೇರೆ ದೇಶಗಳಲ್ಲಿ ಅದಕ್ಕೆ ಪ್ರಜ್ಞೆ ತಪ್ಪಿತು ಎಂಬ ಅರ್ಥವೇ ಮುಂದಾಗಿ ಹೊಳೆಯುತ್ತದೆ. 'ವೇರ್ ಆರ್ ಯು ಪುಟ್ ಅಪ್?' ಎಂದು ಉಳಿದುಕೊಂಡಿರುವ ಜಾಗವನ್ನು ಕೇಳುತ್ತೇವೆ. 'ಕೋಪ್ ವಿತ್' ಎಂಬುದು ನಮ್ಮ ಬಾಯಲ್ಲಿ 'ಕೋಪ್ ಅಪ್ ವಿತ್' ಆಗಿದೆ, ಬಹುಶಃ 'ಪುಟ್ ಅಪ್ ವಿತ್', 'ಕೀಪ್ ಅಪ್ ವಿತ್' ಇವುಗಳ ಸಹವಾಸದಿಂದ. ಹೊರಗಿನವರೊಡನೆ ವ್ಯವಹರಿಸುವಾಗ ಅವರ ರೂಢಿಯನ್ನು ತಿಳಿದಿರುವುದು ಅಗತ್ಯ, ಪರೀಕ್ಷೆಯಲ್ಲಿ ತಿದ್ದುವುದೂ ಸರಿಯೇ. ಆದರೆ ಇವನ್ನು ಅಜ್ಞಾನವೆಂದು ಹಂಗಿಸುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದವರು ಅರ್ಜಿಯನ್ನು 'ಫಿಲ್ ಔಟ್' ಮಾಡುತ್ತಾರೆ, ಬ್ರಿಟನ್ನಿನವರು 'ಫಿಲ್ ಇನ್' ಮಾಡುತ್ತಾರೆ. ಅವರಲ್ಲೇ ಒಮ್ಮತವಿಲ್ಲದ ಕಡೆ ನಮ್ಮ 'ಫಿಲ್ ಅಪ್' ಬಗ್ಗೆ ಮಾತ್ರ ನಾಚಿಕೆ ಏಕೆ?

ನನಗೆ ನಿಜವಾಗಿ ಬೇಕೆನಿಸುವುದು, ಕ್ರಿಯಾಪದಗಳನ್ನು ಅವುಗಳ ನಂಟಿನೊಡನೆಯೇ ಕೊಡುವ ಒಂದು ಶಾಲಾ ನಿಘಂಟು. ಅದರಲ್ಲಿ 'ವೇಟ್' ಎಂಬುದರ ಎದುರು 'ಕಾಯು' ಎಂದಷ್ಟೇ ಬರೆದು ಮುಗಿಸಬಾರದು. 'ವೇಟ್ ಫಾರ್ ಇಟ್' ಎಂದರೆ ಅದಕ್ಕೆ ಕಾಯು ಎಂದೂ, 'ವೇಟ್ ಆನ್ ಹಿಮ್' ಎಂದರೆ ಅವನಿಗೆ ಬಡಿಸು, ಅವನ ಸೇವೆಗೆ ನಿಲ್ಲು ಎಂದೂ, ಎರಡೂ ಕಡೆ ವಿಭಕ್ತಿ ಕಾಣುವಂತೆ, ಸರ್ವನಾಮ ಎಲ್ಲಿ ನಿಲ್ಲುತ್ತದೆಂಬುದು ಕಾಣುವಂತೆ ಬರೆಯಬೇಕು. 'ಲುಕ್ ಇಟ್ ಅಪ್' ಎಂಬುದನ್ನು ಎಂದಿಗೂ 'ಲುಕ್ ಅಪ್' ಎಂದು ಮೊಟಕುಗೊಳಿಸಬಾರದು. ಅದೇ ಪುಟವನ್ನು ತಿರುವಿ ಓದಿದರೆ ಬೆಂಗಳೂರಿಗೆ ಬಂದು ಕನ್ನಡ ಕಲಿಯುವವರಿಗೂ ಅದು ಒದಗುತ್ತದೆ: ಬಸ್ಸಿಗೆ ಕಾಯು, ಮನೆ ಕಾಯು, ಅವನಿಗೆ ಹೆದರು, ಅವನನ್ನು ನಂಬು, ಅವನ ಮೇಲೆ ಸಿಟ್ಟಾಗು. ಮಕ್ಕಳಿಗೆ ಪಾಠ ಹೇಳುವವರು ನಿಘಂಟು ಬರುವ ತನಕ ಕಾಯಬೇಕಾಗಿಲ್ಲ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಎಂದು ಮಕ್ಕಳ ಕೈಯಿಂದಲೇ ಬರೆಸಲು ತೊಡಗಬಹುದು.